ಸೆರಗು ಹೊದ್ದ ದೆವ್ವ

ಮೊನ್ನೆ ಮನೆಯ ಹಿಂದಿನ ಕೋಣೆಯಲ್ಲಿ ಜೋಳದ ಚೀಲವೊಂದರ ಬಾಯಿ ಬಿಚ್ಚಿದೆ. ಮಳೆಗಾಲದಲ್ಲಿ ಗೋಡೆಗೆ ತಾಗಿಸಿ ಇಟ್ಟ ಚೀಲ, ತಳದಲ್ಲಿ ತೇವ ಹಿಡಿದಿತ್ತು. ಮುಗ್ಗಲು ಎನ್ನುವಂತಿಲ್ಲ, ಹುಳಿ ಎನ್ನುವಂತಿಲ್ಲ, ಮಣ್ಣಿಗೆ ಹಳೆಯ ಹುಲ್ಲು ಕಲೆತಂಥ ಒಂದು ವಾಸನೆ ಮೂಗಿಗೆ ಬಡಿಯಿತು. ಹೆಂಡತಿ ಬಾಗಿಲಲ್ಲೇ ನಿಂತು, "ಯಾರದರ ದನಕ್ಕ ಹಾಕಸ್ರಿ ಇದನ್ನ, ಭಕ್ಕರಿ ಮಾಡೋ ಹಂಗಿಲ್ಲ" ಎಂದಳು. ಭಕ್ಕರಿ ಎಂದರೆ ನಮ್ಮಲ್ಲಿ ಜೋಳದ ರೊಟ್ಟಿ. ನಾನು ಮಾತ್ರ ಚೀಲದ ಬಾಯಲ್ಲಿ ಮೂಗಿಟ್ಟುಕೊಂಡು ಕುಳಿತೇ ಇದ್ದೆ. ಅದು ಹಗೇವಿನ ಜೋಳದ ವಾಸನೆ. ನಿಮ್ಮ ಮನೆಯಲ್ಲಿ ಹಗೇವು ಇದ್ದಿದ್ದರೆ ಹೇಳಿಕೊಡಬೇಕಾಗಿಲ್ಲ. ಇರಲಿಲ್ಲವಾದರೆ ಸ್ವಲ್ಪ ತಾಳಿಕೊಳ್ಳಿ, ಹೇಳಿ ಮುಂದೆ ಹೋಗುತ್ತೇನೆ.

ಹಗೇವು ಎಂದರೆ ನೆಲದೊಳಗೆ ತೋಡಿದ ಕಾಳಿನ ಕಣಜ. ಬಾಯಿ ಸಣ್ಣದು, ಒಬ್ಬರು ಮೈ ಹಿಂಡಿಕೊಂಡು ಇಳಿಯುವಷ್ಟು. ಒಳಗೆ ಹೊಟ್ಟೆ ಮಾತ್ರ ಗಡಿಗೆಯ ಹಾಗೆ ಅಗಲ. ಸುತ್ತ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಎಳೆದು ಮಣ್ಣು ಮೆತ್ತಿಬಿಟ್ಟರೆ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆಯುವಾಗ ಮಾತ್ರ ಎಚ್ಚರ ಬೇಕು. ಮುಚ್ಚಿದ ಹಗೇವಿನೊಳಗೆ ಗಾಳಿ ಸತ್ತಿರುತ್ತದೆ. ಅವಸರದಿಂದ ಇಳಿದವನು ಉಸಿರುಕಟ್ಟಿ ಬಿದ್ದರೆ, ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಕಲ್ಲು ಸರಿಸಿ ಬಹಳ ಹೊತ್ತು ಬಿಟ್ಟು, ಉರಿಯುವ ಕಂದೀಲು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ನಮ್ಮ ಬೀದರ ಸೀಮೆಯ ಹಳೆಯ ಮನೆಗಳವರಿಗೆಲ್ಲ ಇದು ಗೊತ್ತಿದ್ದ ಸಂಗತಿ.

ಇಷ್ಟು ಪೀಠಿಕೆ ಯಾಕೆಂದರೆ, ನಾನು ಹುಟ್ಟಿದಂದಿನಿಂದ ಮಾಡಿದ ಒಂದೇ ಒಂದು ಸಿನಿಮಾದ ಸುದ್ದಿ ಹೇಳಬೇಕಾಗಿದೆ. ದೆವ್ವದ ಸಿನಿಮಾ. ಪೂರ್ತಿಯಲ್ಲ, ಬರೀ ಆರಂಭ. ಅದರ ಮುಂದಿನದು ಇವತ್ತಿಗೂ ಆಗಿಲ್ಲ, ಇನ್ನು ಆಗುವುದೂ ಇಲ್ಲ.

ಹೊಸ ಶತಮಾನ ಹುಟ್ಟಿ ಒಂದೆರಡು ವರ್ಷವಾಗಿತ್ತು. ನಾನು ಹುಮನಾಬಾದದಲ್ಲಿ ಬಿ.ಎ. ಓದುತ್ತಿದ್ದೆ. ಕಾಲೇಜಿನ ಗ್ಯಾದರಿಂಗಿನಲ್ಲಿ ವರ್ಷವರ್ಷ ನಾಟಕ ಆಡುವುದು ರೂಢಿ, ವರ್ಷವರ್ಷ ಪರದೆ ಅರ್ಧಕ್ಕೆ ಸಿಕ್ಕಿಕೊಳ್ಳುವುದೂ ರೂಢಿ. ಆ ಸಲ ನಮ್ಮ ವರ್ಗದ ನಸರೀನ್ ಎದ್ದು ನಿಂತು, "ನಾಟಕ ಬ್ಯಾಡ್ರಿ ಸರ್, ನಾವು ಪಿಕ್ಚರ್ ಮಾಡ್ತೀವಿ. ದೆವ್ವಿಂದು" ಎಂದುಬಿಟ್ಟಳು. ನಸರೀನ್ ಬಸವಕಲ್ಯಾಣದವಳು. ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದಳು. ತಾನು ನೋಡಿದ ಸಿನಿಮಾದ ಕಥೆಯನ್ನು ಬಸ್ಸಿನಲ್ಲಿ ಹೇಳತೊಡಗಿದಳೆಂದರೆ ಹಿಂದಿನ ಸೀಟಿನವರು ಮುಂದೆ ಬಾಗುತ್ತಿದ್ದರು, ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಮರೆಯುತ್ತಿದ್ದ. ಪ್ರಾಂಶುಪಾಲರು ಕೂಡ ಅವಳ ಮಾತಿಗೆ ಬಾಗಿದರು. ಆದರೆ ಹಾಡು ಕುಣಿತದ ನಡುವೆ ಹತ್ತು ನಿಮಿಷಕ್ಕಿಂತ ಹೆಚ್ಚು ಕೊಡಲಾರೆ ಎಂದರು. ಅದಕ್ಕೇ ಬರೀ ಆರಂಭ.

ನಮ್ಮ ತಂಡದಲ್ಲಿ ನಾಲ್ಕು ಜನ. ನಸರೀನ್ ನಿರ್ದೇಶಕಿ. ವೈಜನಾಥ ಕ್ಯಾಮೆರಾದವನು. ಅವನ ಅಣ್ಣ ಮದುವೆಯ ವಿಡಿಯೋ ತೆಗೆಯುತ್ತಿದ್ದ, ಮದುವೆಯಿಲ್ಲದ ಒಂದು ದಿನ ಕ್ಯಾಮೆರಾ ಕೊಡುತ್ತೇನೆಂದಿದ್ದ. ಅಣ್ಣನ ಹಿಂದೆ ಲೈಟು ಹಿಡಿದು ಹಿಡಿದು ವೈಜನಾಥನಿಗೆ ಒಂದು ಚಟ ಅಂಟಿತ್ತು. ಎದುರಿಗೆ ಯಾರೇ ನಿಲ್ಲಲಿ, ಕ್ಯಾಮೆರಾ ತಾನಾಗಿ ಅವರ ಮುಖದಿಂದ ಕೈಗೆ ಇಳಿದು ಬಳೆ, ಉಂಗುರ, ಊಟದ ತಾಟು ನೋಡಿಕೊಂಡು ಮತ್ತೆ ಮೇಲೇರುತ್ತಿತ್ತು. ಮೂರನೆಯವಳು ಸಂಗೀತಾ. ಮೊಳಕಾಲು ಮುಟ್ಟುವ ಕೂದಲಿದ್ದ ಕಾರಣಕ್ಕೆ ದೆವ್ವದ ಪಾತ್ರ ಅವಳಿಗೆ ಬಂದಿತ್ತು. ನಾನು ನಾಯಕ. ನನ್ನ ರೂಪ ನೋಡಿ ಆರಿಸಿದರೆಂದು ತಿಳಿಯಬೇಡಿ, ಹಳೆಯ ಮನೆಯೊಂದನ್ನು ಒದಗಿಸುವ ಶಕ್ತಿ ನನಗಿತ್ತು. ಬಸವಕಲ್ಯಾಣದಲ್ಲಿ ನಮ್ಮ ದೊಡ್ಡವ್ವನ ಮನೆಯಿತ್ತು.

ಕಸ್ತೂರಿ ದೊಡ್ಡವ್ವ ನಮ್ಮ ಅವ್ವನ ಅಕ್ಕ. ಆ ಮನೆಯ ಅಂಗಳದ ನಟ್ಟನಡುವೆ ಹಗೇವಿನ ಹಾಸುಗಲ್ಲು. ಅಡುಗೆಮನೆಯಿಂದ ತಲೆಬಾಗಿಲಿಗೆ ಬರಬೇಕಾದರೆ ನೇರ ದಾರಿ ಆ ಕಲ್ಲಿನ ಮೇಲೆಯೇ. ನಾವೆಲ್ಲ ಅದನ್ನು ತುಳಿದುಕೊಂಡೇ ಓಡಾಡುತ್ತಿದ್ದೆವು. ದೊಡ್ಡವ್ವ ಮಾತ್ರ ಕೈಯಲ್ಲಿ ತುಂಬಿದ ಕೊಡವಿದ್ದರೂ ಅಂಗಳದ ಅಂಚಿನಲ್ಲಿ ಸುತ್ತು ಹಾಕಿ ಬರುತ್ತಿದ್ದಳು. ಸಣ್ಣವನಿದ್ದಾಗ ನಾನು ಅದರಡಿ ಯಾವುದೋ ದೇವರಿದೆಯೆಂದು ತಿಳಿದು, ಪರೀಕ್ಷೆಯ ಮುಂಚೆ ಆ ಕಲ್ಲಿಗೆ ಕೈಮುಗಿಯುತ್ತಿದ್ದೆ. ಗಣಿತದಲ್ಲಿ ಪಾಸೂ ಆಗಿದ್ದೆ. ಹೀಗಾಗಿ ವಿಚಾರಿಸುವ ಪ್ರಮೇಯವೇ ಬರಲಿಲ್ಲ.

ನಸರೀನಳಿಗೆ ಆ ಕಲ್ಲಿನ ಸುದ್ದಿ ಹೇಳಿದ್ದೇ ತಡ, ಕಥೆ ಸಿದ್ಧವಾಯಿತು. ಬಾಡಿಗೆಗೆ ಕೋಣೆ ಹುಡುಕಿಕೊಂಡು ಒಬ್ಬ ಹುಡುಗ ಪಾಳುಮನೆಗೆ ಬರುತ್ತಾನೆ. "ಯಾರರ ಅದಾರೇನ್ರಿ ಒಳಗ?" ಎಂದು ಕೇಳುತ್ತಾನೆ. ಅಂಗಳದ ಹಗೇವು ಬಾಯಿ ತೆರೆದಿದೆ. ಒಳಗಿನಿಂದ ಒಂದು ಕೈ ಮೇಲೆ ಬರುತ್ತದೆ. ಆಮೇಲೆ ಮುಖ. ಅಲ್ಲಿಗೆ ಕತ್ತಲು. ಹೇಳುವಾಗಲೇ ಅವಳ ತೋಳಿನ ಕೂದಲು ನಿಂತಿದ್ದವು, ನನ್ನವೂ ನಿಂತವು.

ದೊಡ್ಡವ್ವನನ್ನು ಕೇಳಿದೆ. "ಮಾಡ್ಕೋರಿ, ಅದಕ್ಕೇನು. ಊಟಕ್ಕ ಏನ್ ಮಾಡ್ಲಿ ಅಷ್ಟ ಹೇಳು" ಎಂದಳು. ಮನೆಯ ವಿಡಿಯೋ ಎಂದರೆ ಗೃಹಪ್ರವೇಶದ ವಿಡಿಯೋದಂಥದ್ದೇ ಏನೋ ಎಂದುಕೊಂಡಿದ್ದಳು.

ಆ ದಿನ ಬೆಳಿಗ್ಗೆ ನಾವು ಮೂವರೇ ಕೂಡಿದೆವು. ಸಂಗೀತಾಳ ತಮ್ಮ ಬಂದು, "ಅಕ್ಕಗ ಕಣ್ಣು ಬಂದಾವ್ರಿ, ಅವ್ವ ಹೊರಗ ಬಿಡವಲ್ಲಳು" ಎಂದು ಹೇಳಿ ಹೋದ. ದೆವ್ವಕ್ಕೆ ಬೇಕಾದ ಕೆಂಪು ಕಣ್ಣು ತಾನಾಗಿ ಬಂದರೆ ದೆವ್ವವೇ ಬರಲಾರದಂತಾಯಿತು. ನಸರೀನ್ ಹಣೆ ಹಿಡಿದುಕೊಂಡು ಕುಳಿತಳು. ಮರುದಿನದಿಂದ ಕ್ಯಾಮೆರಾ ಮದುವೆಗಳಿಗೆ ಹೋಗುವುದಿತ್ತು. "ಮೊದಲ ಕಲ್ಲರ ಸರಸ್ರಿ, ಗಾಳಿ ಆಡ್ಲಿ" ಎಂದಳು. ನಾನೂ ವೈಜನಾಥನೂ ಹಾರೆ ಹಾಕಿ ಕಲ್ಲನ್ನು ಮಗ್ಗುಲಿಗೆ ಹೊರಳಿಸಿದೆವು. ಆ ವಾಸನೆ ಎದ್ದಿತು. ಆ ದಿನ ಹೊಲಕ್ಕೆ ಹೋಗಿದ್ದ ದೊಡ್ಡಪ್ಪ ಹಿಂದೆ ಎಂದೋ ಒಳಗೆ ಮಣ್ಣು ತುಂಬಿಸಿದ್ದರಿಂದ ಅದೀಗ ನನ್ನ ಎದೆಯೆತ್ತರದ ಗುಂಡಿ ಅಷ್ಟೆ.

ಅಷ್ಟರಲ್ಲಿ ದೊಡ್ಡವ್ವ ಚಹಾದ ತಾಟು ಹಿಡಿದು ಹೊರಗೆ ಬಂದಳು. ತೆರೆದ ಬಾಯಿ ನೋಡಿದಳು. ಕಪ್ಪು-ಬಶಿಗಳು ಒಂದಕ್ಕೊಂದು ಬಡಿದುಕೊಳ್ಳುವ ಸದ್ದು ಕೇಳಿ ನಾನು ತಿರುಗಿದೆ.

"ಅದನ್ನ ಯಾಕ ತೆಗದೀರಿ? ಮುಚ್ಚರಿ. ಮದ್ಲ ಮುಚ್ಚರಿ ಅದನ್ನ!"

ದೊಡ್ಡವ್ವನ ಅಂಥ ಧ್ವನಿಯನ್ನು ನಾನು ಕೇಳಿರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಹಾರೆ ಹಿಡಿದು ನಿಂತೆ. ನಸರೀನ್ ಎದ್ದು ಹೋಗಿ ಅವಳ ಕೈಯಿಂದ ತಾಟು ತೆಗೆದುಕೊಂಡು ಕಟ್ಟೆಯ ಮೇಲಿಟ್ಟಳು. "ಖಾಲಾ, ಕೂಡ್ರಿ ಇಲ್ಲಿ. ಏನಾಯ್ತ್ರಿ? ನನಗ ಹೇಳ್ರಿ" ಎಂದಳು. ಖಾಲಾ ಎಂದರೆ ಅವರಲ್ಲಿ ಅವ್ವನ ಅಕ್ಕತಂಗಿ. ನನ್ನ ಲೆಕ್ಕದಲ್ಲಿ ಅದು ಸರಿಯೇ ಇತ್ತು, ಅವಳ ಲೆಕ್ಕದಲ್ಲಿ ಆಗಷ್ಟೇ ಶುರುವಾಗಿತ್ತು.

ದೊಡ್ಡವ್ವ ಕಟ್ಟೆಯ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಹೇಳಿದಳು.

"ನನ್ನ ತವರೂರು ಕೊಹಿನೂರದಾಗ, ನಮ್ಮಪ್ಪನ ಮನ್ಯಾಗ. ನಾ ಇನ್ನಾ ಸಣ್ಣಾಕಿ. ತಳದ ಜೋಳ ಬಳೀಲಾಕ ಹುಡುಗರನ್ನ ಇಳಸ್ತಿದ್ರು. ಅವತ್ತ ಏನ್ ಗಡಬಡಿ ಇತ್ತೋ, ಕಂದೀಲು ಇಳಸ್ಲಿಲ್ಲ, ನನ್ನ ನಡಕ್ಕ ಹಗ್ಗ ಕಟ್ಟಿ ಬಿಟ್ರು. ಒಳಗಿಂದ ನೋಡಿದ್ರ ಬೆಳಕು ಭಕ್ಕರಿಯಂಗ ದುಂಡಗ ಕಾಣ್ತಿತ್ತು. ಮ್ಯಾಲ ಎಲ್ಲಾರೂ ಮಾತಾಡಾಕತ್ತಿದ್ರು, ಎತ್ತಿನ ಸುದ್ದಿ, ಸಂತಿ ಸುದ್ದಿ. ನನ್ನ ಜೋಡಿ ಒಬ್ಬರೂ ಮಾತಾಡ್ಲಿಲ್ಲ. ಅಪ್ಪಾ ಅಂತ ಬಾಯಿ ತೆಗದೆ. ಬಾಯಿ ತೆರೀತು, ಧ್ವನಿ ಬರಲಿಲ್ಲ. ಭಕ್ಕರಿ ಸಣ್ಣದಾಕೋತ ಹೋಯ್ತು, ಹೋಯ್ತು, ಮುಚ್ಚೇ ಹೋಯ್ತು. ಕಣ್ಣು ತೆಗದಾಗ ಅಂಗಳದಾಗ ಮಲಗಿದ್ದೆ. ಏನಾಗಿಲ್ಲ ಬಿಡು, ಏನಾಗಿಲ್ಲ ಬಿಡು ಅಂದ್ರು ಎಲ್ಲಾರೂ. ಏನೂ ಆಗಿಲ್ಲ ಅಂದಮ್ಯಾಲ ನಾ ಏನಂತ ಹೇಳ್ಲಿ?"

ಹೇಳಲಿಲ್ಲ. ಲಗ್ನವಾಗಿ ಈ ಮನೆಗೆ ಬಂದರೆ ಅಂಗಳದಲ್ಲೇ ಹಗೇವು. ಸೊಸೆಯಾದವಳು ಹೇಳುವುದಾದರೂ ಹೇಗೆ? ಸುತ್ತು ಹಾಕಿ ನಡೆಯುವುದನ್ನು ಕಲಿತಳು. ದೊಡ್ಡಪ್ಪ ಅದನ್ನು ನೋಡಿದ್ದರಂತೆ. ಮಾತಿನ ಮನುಷ್ಯರಲ್ಲ ಅವರು. ಒಂದು ಬೇಸಿಗೆಯಲ್ಲಿ ಹೊಲದಿಂದ ಬಂಡಿಗಟ್ಟಲೆ ಮಣ್ಣು ಹೇರಿಕೊಂಡು ಬಂದು ಒಳಗೆ ಸುರಿಸಿದರು. ಮನೆಯ ಹಗೇವು ಪೂರ್ತಿ ಮುಚ್ಚಬಾರದೆಂದು ಅವರ ತಂದೆ ಅಡ್ಡ ಬಂದದ್ದಕ್ಕೆ ಅರ್ಧ ತುಂಬಿಸಿ ನಿಲ್ಲಿಸಿದರು. ಯಾಕೆ ತುಂಬಿಸಿದರೆಂದು ಅವರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಆದರೂ ಸುತ್ತು ತಪ್ಪಲಿಲ್ಲ. "ಅರ್ಧ ತುಂಬ್ಯಾದ ಅಂತ ಗೊತ್ತದ. ಕಾಲಿಗಿ ಗೊತ್ತಾಗಂಗಿಲ್ಲಲ್ಲ" ಎಂದಳು ದೊಡ್ಡವ್ವ.

ನಸರೀನ್ ಕಣ್ಣೊರೆಸಿಕೊಂಡು, "ಮುಚ್ಚರೋ ಅದನ್ನ. ಬರೀ ಬಾಗಲಾ ತೋರ್ಸಿ ಮಾಡೂಣು. ಅದೂ ಕಿರ್ ಅಂತದ" ಎಂದಳು. ನಾವು ಹಾರೆ ಎತ್ತಿದೆವು. ಆಗ ದೊಡ್ಡವ್ವ, "ಇರ್ಲಿ. ತಡೀರಿ" ಎಂದು ಒಳಗೆ ಹೋದಳು.

ಅಡುಗೆಮನೆಯಿಂದ ಭಕ್ಕರಿ ತಟ್ಟುವ ಸದ್ದು ಬರತೊಡಗಿತು. ನಡುನಡುವೆ ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ನಾವು ಹೊರಗೆ ಹೊತ್ತು ಕಳೆಯಬೇಕಲ್ಲ, ನನಗೇ ಸೀರೆ ಉಡಿಸಿ ನೋಡಿದರು. ಎಷ್ಟೇ ಹಿಟ್ಟು ಬಳಿದರೂ ಮೀಸೆ ಇಣುಕುತ್ತಿತ್ತು. ವೈಜನಾಥ ಕ್ಯಾಮೆರಾದ ಕಿಂಡಿಯಲ್ಲಿ ನೋಡಿ, "ದೆವ್ವಕ್ಕ ಹಲ್ಲು ಬ್ಯಾನಿ ಆಗ್ಯಾದ ಅನ್ನಸ್ತದ" ಎಂದ. ಸೀರೆ ಬಿಚ್ಚಿಟ್ಟೆ.

ಊಟಕ್ಕೆ ಬಿಸಿ ಭಕ್ಕರಿ, ಪುಂಡಿಪಲ್ಯ. ತಾಟಿಗೆ ಎರಡನೆಯ ಸಲ ಬಡಿಸುತ್ತ ದೊಡ್ಡವ್ವ, ಯಾರ ಮುಖವನ್ನೂ ನೋಡದೆ, "ದೆವ್ವ ನಾ ಆಗ್ತೀನಿ" ಎಂದಳು.

ನಾನು ಎತ್ತಿದ ತುತ್ತನ್ನು ತಾಟಿಗಿಟ್ಟೆ. "ಹುಚ್ಚು ಹಿಡದದೇನ್ ದೊಡ್ಡವ್ವಾ, ನಿನಗ ಬಿ.ಪಿ. ಅದ."

"ಬಿ.ಪಿ. ಇರ್ಲಿ. ಇಷ್ಟ ವರ್ಷ ಅದೇ ನನಗ ಅಂಜಿಸ್ತು, ಒಂದಿನ ನಾ ಅದರಾಗ ಕುಂತು ಮಂದಿಗಿ ಅಂಜಸ್ತೀನಿ." ಆಮೇಲೆ ನಸರೀನಳ ಕಡೆ ತಿರುಗಿ, "ಒಂದ ಮಾತು ಬೇಟಿ. ನಾ ಒಳಗ ಇರೋತನ ನೀ ನನ್ನ ಜೋಡಿ ಮಾತಾಡ್ಕೋತ ಇರಬೇಕು. ಸುಮ್ಮಾಗಬಾರದು" ಎಂದಳು.

"ನಾ ಸುಮ್ಮ ಇರೋದೇ ಮುಶ್ಕಿಲ್ ಅದರೀ ಖಾಲಾ" ಎಂದಳು ನಸರೀನ್.

ಕಂದೀಲು ಹಚ್ಚಿ ಇಳಿಬಿಟ್ಟೆವು. ಅಲುಗದೆ ಉರಿಯಿತು. ಒಳಗೊಂದು ಸ್ಟೂಲು ಇಟ್ಟೆವು. ದೊಡ್ಡವ್ವನ ತುರುಬು ಬಿಚ್ಚಿ, ಮುಖಕ್ಕೆ ಜೋಳದ ಹಿಟ್ಟು ಬಳಿದು, ಕಣ್ಣ ಸುತ್ತ ಕಾಡಿಗೆ ತೀಡಿದ್ದು ನಸರೀನಳೇ. ನಡುಮಧ್ಯಾಹ್ನವನ್ನು ರಾತ್ರಿ ಮಾಡಲು ವೈಜನಾಥ ಕ್ಯಾಮೆರಾದ ಕಣ್ಣಿಗೆ ನೀಲಿ ಜಿಲೇಟಿನ್ ಕಾಗದ ಕಟ್ಟಿದ. ದೊಡ್ಡವ್ವ ಹಗೇವಿನ ಅಂಚಿಗೆ ಕುಳಿತು ಒಂದು ಕಾಲು ಒಳಗಿಟ್ಟಳು, ತೆಗೆದಳು, ಮತ್ತೆ ಇಟ್ಟಳು. ನಸರೀನ್ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಅವಳ ಕೈ ಹಿಡಿದು, ತಮ್ಮ ಅಮ್ಮಿ ಬಗಾರಾ ಅನ್ನ ಹೇಗೆ ಮಾಡುತ್ತಾಳೆಂಬುದನ್ನು ಈರುಳ್ಳಿ ಹೆಚ್ಚುವುದರಿಂದ ಶುರುಮಾಡಿದಳು. ದೊಡ್ಡವ್ವ ಇಳಿದಳು. ಕುಳಿತಳು. ತಲೆ ಕಾಣದಾಯಿತು.

"ಆವಾಜ್ ಎಲ್ಲಾ ರೆಕಾರ್ಡ್ ಆಗ್ತದಲೇ!" ಎಂದು ವೈಜನಾಥ ಒದರಿದ.

"ಆಗ್ಲಿ ಬಿಡೋ! ನಂತರ ಖಾಲಾ, ಯಾಲಕ್ಕಿ ಹಾಕೋದು..." ಎನ್ನುತ್ತ ನಸರೀನ್ ತೆವಳಿಕೊಂಡು ಕಂಬದ ಮರೆಗೆ ಸರಿದಳು, ಮಾತು ನಿಲ್ಲಿಸದೆ. ಕ್ಯಾಮೆರಾ ಓಡತೊಡಗಿತು. ನಾನು ತಲೆಬಾಗಿಲು ತಳ್ಳಿಕೊಂಡು ಒಳಗೆ ಬಂದೆ. "ಯಾರರ ಅದಾರೇನ್ರಿ ಒಳಗ?" ಎಂದೆ.

ಆಗ ನಸರೀನಳ ಗಂಟಲಿಗೆ ಹಿಟ್ಟಿನ ಧೂಳು ಹೊಕ್ಕಿತು. ಒಂದು ಸಲ ಕೆಮ್ಮಿದಳು. ಆಮೇಲೆ ಕೆಮ್ಮಲೂ ಆಗದೆ ಕಂಬ ಹಿಡಿದು ಬಗ್ಗಿದಳು. ಅಂಗಳದಲ್ಲಿ ಮಾತು ನಿಂತುಹೋಯಿತು.

ಹಗೇವಿನಿಂದ ಸದ್ದಿಲ್ಲ. ಕೈ ಮೇಲೆ ಬರಬೇಕಿತ್ತು, ಬರಲಿಲ್ಲ. "ದೊಡ್ಡವ್ವಾ" ಎಂದೆ. ಉತ್ತರವಿಲ್ಲ. ಕಂದೀಲು ಉರಿದದ್ದು, ಮಣ್ಣು ತುಂಬಿದ್ದು, ಎದೆಯೆತ್ತರದ ಗುಂಡಿ, ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದರೂ, ಸಿನಿಮಾ ಮರೆತು ಓಡಿಹೋಗಿ ಅಂಚಿನಲ್ಲಿ ಬಿದ್ದೆ. ಏನಾದರೂ ಮಾತಾಡಬೇಕು, ಮಾತು ನಿಲ್ಲಬಾರದು, ಅದಷ್ಟೇ ತಲೆಯಲ್ಲಿತ್ತು. ಬಾಯಿಗೆ ಬಂದದ್ದನ್ನು ಕೂಗಿದೆ.

"ದೊಡ್ಡವ್ವಾ, ಪುಂಡಿಪಲ್ಯ ಭಾಳ ಛಲೋ ಆಗಿತ್ತು!"

ನನ್ನದೇ ಕೂಗು ಒಳಗೆ ತಿರುಗಿ ಮೇಲೆ ಬಂತು. ಅದರ ಹಿಂದೆಯೇ ಇನ್ನೊಂದು ಧ್ವನಿ ಬಂತು, ಗೊಗ್ಗರಾಗಿ, ಆಳದಿಂದ.

"ಉಪ್ಪು ಜರಾ ಜಾಸ್ತಿ ಆಗಿತ್ತು."

ಆ ಕ್ಷಣದ ಸಮಾಧಾನವನ್ನು ಹೇಗೆ ಹೇಳಲಿ? ಅಲ್ಲೇ ನೆಲದ ಮೇಲೆ ಅಂಗಾತ ಬಿದ್ದುಕೊಂಡೆ, ಅಳುತ್ತಿದ್ದೇನೋ ನಗುತ್ತಿದ್ದೇನೋ ಗೊತ್ತಾಗಲಿಲ್ಲ. ನನ್ನ ಮಗ್ಗುಲಲ್ಲಿ ಒಂದು ಕೈ ಮೇಲೆ ಬಂದು ಕಲ್ಲಿನ ಅಂಚು ಹಿಡಿಯಿತು. ಬಳೆಗಳು ಸದ್ದು ಮಾಡಿದವು. ಆಮೇಲೆ ಕೂದಲು, ಆಮೇಲೆ ಮುಖ. ಹಿಟ್ಟಿನ ಮೇಲೆ ಕಣ್ಣೀರು ಹರಿದು ಗೆರೆ ಗೆರೆಯಾಗಿತ್ತು, ಕಾಡಿಗೆ ಗಲ್ಲದ ತನಕ ಇಳಿದಿತ್ತು. ಎಂಥ ಮುಖ ಅದು! ನಾವು ಬರೆದರೂ ಅಂಥದು ಬರುತ್ತಿರಲಿಲ್ಲ. ವೈಜನಾಥ ಮಾತ್ರ ಕ್ಯಾಮೆರಾ ಅಲುಗಿಸಿರಲಿಲ್ಲ. ಹೆದರಿಕೆಗೋ ಜಾಣತನಕ್ಕೋ, ಅವನಿಗೇ ಗೊತ್ತಿಲ್ಲ.

ಅದೇ ವೇಳೆಗೆ ತಲೆಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ದೊಡ್ಡಪ್ಪನ ಅಣ್ಣ ಬಸಣ್ಣ ಕಾಕಾ, ಮಗ್ಗುಲ ಮನೆಯವರು, ನನ್ನ ಕೂಗು ಕೇಳಿ ಓಡಿಬಂದಿದ್ದರು. ದೊಡ್ಡವ್ವನಿಗೆ ಅವರು ಭಾವ. ಲಗ್ನವಾದಾಗಿನಿಂದ ಒಂದು ದಿನವೂ ಅವರೆದುರು ತಲೆಯ ಮೇಲಿನ ಸೆರಗು ಜಾರಿಸಿದವಳಲ್ಲ. ನೆಲದೊಳಗಿಂದ ಅರ್ಧ ಎದ್ದಿದ್ದ ದೆವ್ವ ಭಾವನನ್ನು ಕಂಡಿದ್ದೇ, ಗಡಬಡಿಸಿ ಸೆರಗು ಹುಡುಕಿ ತಲೆಯ ಮೇಲೆ ಎಳೆದುಕೊಂಡು ಮುಖ ತಗ್ಗಿಸಿತು.

ಬಸಣ್ಣ ಕಾಕಾ ಅವಳನ್ನು ನೇರ ಕೇಳುವಂತಿರಲಿಲ್ಲ. "ಏನೋ ಇದು?" ಎಂದು ನನ್ನನ್ನು ಕೇಳಿದರು. ನಸರೀನ್ ಕೆಮ್ಮು ಸುಧಾರಿಸಿಕೊಂಡು ಎಲ್ಲವನ್ನೂ ಹೇಳಿದಳು, ಕೊಹಿನೂರದ್ದನ್ನೂ ಬಿಡಲಿಲ್ಲ. ಕಾಕಾ ಹಗೇವಿನ ಹತ್ತಿರ ಬಂದು ಒಳಗೆ ಬಗ್ಗಿ ನೋಡಿದರು. ಆಮೇಲೆ ಗೋಡೆಗೆ ಹೇಳುವಂತೆ, "ತಮ್ಮ ಅವತ್ತ ಮಣ್ಣು ಯಾಕ ತಂದ ಅಂತ ಈಗ ಗೊತ್ತಾಯ್ತು. ಪೂರಾ ಮುಚ್ಚಿಸಿಬಿಡೂಣೇನು?" ಎಂದರು.

ಸೆರಗಿನೊಳಗಿಂದ ಉತ್ತರ ಬಂತು. "ಬ್ಯಾಡ್ರಿ. ಇರ್ಲಿ."

ಭಾವನ ಜೊತೆ ದೊಡ್ಡವ್ವ ನೇರವಾಗಿ ಆಡಿದ್ದನ್ನು ನಾನು ಕೇಳಿದ ಮೊದಲ ಮಾತು ಅದು. ಕಾಕಾ ಹೋದ ಮೇಲೆ ಅವಳು ಅಂಚಿನಲ್ಲಿ ಕುಳಿತು, ಕಾಲು ಒಳಗೇ ಇಳಿಬಿಟ್ಟುಕೊಂಡು ನಕ್ಕಳು. ನಗು ನಿಲ್ಲಲೊಲ್ಲದು. "ಮಾತು ನಿಂತಾಗ ಮತ್ತ ಹಂಗೇ ಆಯ್ತವ್ವ, ಬಾಯಿ ತೆರೀತು, ಧ್ವನಿ ಬರಲಿಲ್ಲ. ಆಮ್ಯಾಲ ಈ ಹುಡುಗ ಪುಂಡಿಪಲ್ಯ ಅಂತಾನ! ಸುಳ್ಳ್ಯಾಕ ಹೇಳ್ತಾನ ಅಂತ ಸಿಟ್ಟು ಬಂತು ನೋಡು, ಧ್ವನಿ ಬಂದೇ ಬಿಡ್ತು" ಎಂದಳು. ಮತ್ತೆ ಗುಂಡಿಯೊಳಗೆ ಬಗ್ಗಿ ನೋಡಿ, "ಬೆಳಕು ಸಣ್ಣದಾಗಲಿಲ್ಲ ಈ ಸಲ. ಇದ್ದಷ್ಟೇ ಇತ್ತು" ಎಂದಳು.

ಸಂಜೆ ಕಲ್ಲನ್ನು ಮೊದಲಿನ ಹಾಗೆ ಎಳೆದಿಟ್ಟೆವು. ದೊಡ್ಡವ್ವ ಮುಖ ತೊಳೆದುಕೊಂಡು ಮತ್ತೆ ಚಹಾ ಮಾಡಿದಳು. ಅಡುಗೆಮನೆಯ ಹೊಸ್ತಿಲಲ್ಲಿ ತಾಟು ಹಿಡಿದು ಒಂದು ಗಳಿಗೆ ನಿಂತು, ನೇರವಾಗಿ ಕಲ್ಲಿನ ಮೇಲೆ ಕಾಲಿಟ್ಟು ನಡೆದು ಬಂದಳು. ನಾವು ಮೂವರೂ ನೋಡಿದೆವು. ಚಹಾ ಮಾತ್ರ ಆ ದಿನ ಜಲ್ದಿ ಬಂತು, ಬಿಸಿಯಿತ್ತು.

ಗ್ಯಾದರಿಂಗಿನ ದಿನ ದೊಡ್ಡವ್ವ ಹುಮನಾಬಾದಕ್ಕೆ ಬಂದು ನಸರೀನಳ ಅಮ್ಮಿಯ ಮಗ್ಗುಲಲ್ಲಿ ಮೊದಲ ಸಾಲಿನಲ್ಲಿ ಕುಳಿತಳು. ನಸರೀನಳ ಬಗಾರಾ ಅನ್ನದ ಮಾತಿನ ಮೇಲೆ ಕ್ಯಾಸೆಟ್ಟಿನ ಸಂಗೀತ ಸುರಿದು ಮುಚ್ಚಿದ್ದೆವು. ಆದರೆ ಪುಂಡಿಪಲ್ಯವನ್ನೂ ಉಪ್ಪನ್ನೂ ತೆಗೆಯಲು ನಸರೀನ್ ಒಪ್ಪಲಿಲ್ಲ. ಉಪ್ಪಿನ ಮಾತು ಕೇಳಿ ಸಭೆ ಹೋ ಎಂದು ನಕ್ಕಿತು. ಮುಖ ಎದ್ದಾಗ ಒಮ್ಮೆಗೇ ಸದ್ದಡಗಿತು, ಹಿಂದೆಲ್ಲೋ ಒಬ್ಬಳು ಚೀರಿದಳು. ದೆವ್ವ ಸೆರಗು ಹೊದ್ದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಬಹುಮಾನ ಕೋಲಾಟಕ್ಕೆ ಹೋಯಿತು. "ಅಂಜಿದ್ರೇನೋ ಮಂದಿ?" ಎಂದು ದೊಡ್ಡವ್ವ ಕೇಳಿದಳು. ಅಂಜಿದರು, ಆಮೇಲೆ ನಕ್ಕರು ಎಂದೆ. "ಹಂಗೇ ಆಗಬೇಕು" ಎಂದಳು. ಆ ಕ್ಯಾಸೆಟ್ಟಿಗೆ ಎಂದೋ ಬೂಸು ಹಿಡಿಯಿತು. ನಸರೀನ್ ಈಗ ಬಸವಕಲ್ಯಾಣದಲ್ಲೇ ಶಾಲೆಯ ಟೀಚರ್. ಹಬ್ಬಕ್ಕೊಮ್ಮೆ ಖಾಲಾಳನ್ನು ನೋಡಿಬರುವುದನ್ನು ಬ್ಯುಸಿ ಮನುಷ್ಯನಾದ ನನಗಿಂತ ಚೆನ್ನಾಗಿ ನಡೆಸಿಕೊಂಡು ಬಂದಿದ್ದಾಳೆ.

ಮೊನ್ನೆಯ ಆ ವಾಸನೆ ತಲೆಯಿಂದ ಹೋಗದ್ದಕ್ಕೆ ಭಾನುವಾರ ಕಲಬುರಗಿಯಿಂದ ಬಸವಕಲ್ಯಾಣದ ಬಸ್ಸು ಹತ್ತಿದೆ. ದೊಡ್ಡವ್ವನಿಗೆ ಎಂಬತ್ತರ ಹತ್ತಿರ. ಈಚೆಗೆ ಕಣ್ಣಿನ ಆಪರೇಷನ್ ಆಗಿದೆ. ಮುಖದ ಮೇಲೆ ಬಟ್ಟೆ ಹೊದಿಸಲು ಬಂದಾಗ ಡಾಕ್ಟರಿಗೆ, "ನನಗ ಅಂಜಿಕಿ ಆಗ್ತದ್ರಿ, ಮಾತಾಡ್ಕೋತ ಮಾಡ್ರಿ" ಎಂದಳಂತೆ. ಆತ ಮುಗಿಯುವ ತನಕ ತನ್ನ ಮಗಳ ಹಟದ ಸುದ್ದಿ ಹೇಳಿದನಂತೆ. ಅದನ್ನು ಹೇಳಿ ನಕ್ಕು, ಥಟ್ಟನೆ ನನ್ನ ಕಡೆ ತಿರುಗಿ, "ನಿನಗ ಯಾವುದರ ಅಂಜಿಕಿ ಅದ ಏನೋ?" ಎಂದು ಕೇಳಿದಳು.

ಯಾರೂ ಕೇಳಿರಲಿಲ್ಲ ನನ್ನನ್ನು. ಹೇಳಿಬಿಟ್ಟೆ. ನಮ್ಮ ಆಫೀಸು ನಾಲ್ಕನೆಯ ಅಂತಸ್ತಿನಲ್ಲಿದೆ. ನಾನು ಲಿಫ್ಟು ಹತ್ತುವುದಿಲ್ಲ. ಬಾಗಿಲು ಮುಚ್ಚಿದರೆ ಎದೆ ಹಿಡಿದುಕೊಳ್ಳುತ್ತದೆ. ಮೆಟ್ಟಿಲು ಹತ್ತುವುದು ಆರೋಗ್ಯಕ್ಕೆ ಒಳ್ಳೆಯದೆಂದು ಎಲ್ಲರಿಗೂ ಉಪದೇಶ ಮಾಡುತ್ತ, ಏದುಸಿರು ಬಿಡುತ್ತ ಹತ್ತುತ್ತೇನೆ. ಹೆಂಡತಿಗೂ ಇದು ಗೊತ್ತಿಲ್ಲ. ದೊಡ್ಡವ್ವ ನಗಲಿಲ್ಲ. ಏನಾಗಲ್ಲ ಬಿಡು ಎಂದೂ ಅನ್ನಲಿಲ್ಲ. "ಒಬ್ಬನ ಯಾಕ ಹೋಗ್ತಿ? ಯಾರನ್ನರ ಜೋಡಿ ಕರ್ಕೋ. ಅವರಿಗಿ ಮದ್ಲೇ ಹೇಳು" ಎಂದಳು.

ಸೋಮವಾರ ಲಿಫ್ಟಿನ ಮುಂದೆ ನಿಂತಿದ್ದ ನಾಗರಾಜನಿಗೆ ಹೇಳಿದೆ. ನಮ್ಮ ಟಪಾಲು ವಿಭಾಗದವನು, ಮಹಾ ವಾಚಾಳಿ. ಅವನು ನನ್ನ ಮುಖ ನೋಡಿ, "ಅಷ್ಟೇ ಏನ್ರಿ ಸರ್, ಬರ್ರಿ" ಎಂದು ಒಳಗೆ ಕರೆದುಕೊಂಡ. ಬಾಗಿಲು ಮುಚ್ಚಿತು. ಎದೆ ಹಿಡಿಯಿತು, ಇಲ್ಲವೆನ್ನಲಾರೆ. ಅವನು ತನ್ನ ಗಾಡಿಯ ಟೈರು ಚಿಂಚೋಳಿಯ ದಾರಿಯಲ್ಲಿ ಪಂಕ್ಚರಾದ ಕಥೆ ತೆಗೆದ. ಮುಂದಿನದೋ ಹಿಂದಿನದೋ ಎಂದು ಕೇಳಿದೆ. ಹಿಂದಿನದು ಎಂದ. ಹಿಂದಿನದು ಬಿಚ್ಚುವುದು ತ್ರಾಸು ಎಂದೆ. ಅವನು ಹೌದೆಂದು ಹೇಳುತ್ತಿರುವಾಗಲೇ ಬಾಗಿಲು ತೆರೆಯಿತು, ಮತ್ತು ನಾವಿಬ್ಬರೂ ಅದೇ ಮಾತು ಮುಂದುವರಿಸುತ್ತ ಹೊರಗೆ ನಡೆದೆವು.